‘ಇಲ್ಲಿ ನಿಂತೆ’ ಎನ್ನುವವರು ಬೇಕು: ಸಾಹಿತ್ಯದ ಓದಿನಿಂದ ಕಾಲೇಜಿನ ಬರವಣಿಗೆಯನ್ನು ಕಲಿಯುವ ಕ್ರಮ

ಪದವಿ ತರಗತಿಗೆ ಬರುವ ಹುಡುಗ ಹುಡುಗಿಯರಿಗೆ ಬರೆಯಲು ಬರುವುದಿಲ್ಲ ಎಂಬ ದೂರನ್ನು ಅಧ್ಯಾಪಕರ ಕೊಠಡಿಯಲ್ಲಿ ಪ್ರತಿ ಸೆಮಿಸ್ಟರಿನಲ್ಲೂ ಕೇಳುತ್ತೇನೆ. ಮೈಸೂರಿನಲ್ಲಿ ಮನೆ ಮಾಡಿಕೊಂಡು, ಮಂಡ್ಯದಲ್ಲಿ ಪಾಠ ಹೇಳುತ್ತ, ಎರಡೂರಿನ ನಡುವಿನ ರೈಲಿನಲ್ಲಿ ಅಸೈನ್‌ಮೆಂಟುಗಳನ್ನು ತಿದ್ದುವ ಕನ್ನಡ ಅಧ್ಯಾಪಕನಾದ ನನಗೆ ಆ ದೂರು ಪೂರ್ತಿ ನಿಜವೆಂದು ತೋರುವುದಿಲ್ಲ. ಅವರಿಗೆ ಒಂದು ಬಗೆಯ ಬರವಣಿಗೆ ಚೆನ್ನಾಗಿಯೇ ಬರುತ್ತದೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ಖಾನೆಗಳಲ್ಲಿ ಗೈಡಿನ ವಾಕ್ಯಗಳನ್ನು ತುಂಬಿ, ಇಷ್ಟು ಅಂಕಕ್ಕೆ ಇಷ್ಟು ಪುಟ ಎಂದು ಅಳೆದು ಬರೆಯುವ ವಿದ್ಯೆಯನ್ನು ಹೈಸ್ಕೂಲಿನಿಂದ ಪಿಯುಸಿ ಮುಗಿಯುವವರೆಗೆ ನಾವೇ ಅವರಿಗೆ ಶ್ರದ್ಧೆಯಿಂದ ಕಲಿಸಿದ್ದೇವೆ. ಆ ಬರಹವನ್ನು ನೋಡುವವರು ಮೌಲ್ಯಮಾಪಕರೊಬ್ಬರೇ. ಅವರೂ ಅದನ್ನು ಓದುವುದಿಲ್ಲ, ಅಂಶಗಳನ್ನು ಎಣಿಸುತ್ತಾರೆ. ಕಾಲೇಜಿನಲ್ಲಿ ಕೇಳುವುದು ಬೇರೆ. ಒಂದು ಕತೆಯನ್ನು ಓದಿ ನಿಮಗೆ ಕಂಡದ್ದನ್ನು ಬರೆಯಿರಿ, ನಿಮ್ಮೂರಿನ ಒಂದು ಕಸುಬನ್ನು ನೋಡಿಕೊಂಡು ಬಂದು ಬರೆಯಿರಿ ಎಂದಾಗ, ತನ್ನ ಬರಹವನ್ನು ನಿಜವಾಗಿ ಓದುವವರು ಇರುತ್ತಾರೆಂಬ ಕಲ್ಪನೆಯೇ ಇಲ್ಲದ ವಿದ್ಯಾರ್ಥಿ ಕಂಗಾಲಾಗುತ್ತಾನೆ.

ಅಂಥ ವಿದ್ಯಾರ್ಥಿ ಮಾಡಬೇಕಾದ ಕೆಲಸ ಎರಡೇ. ಒಳ್ಳೆಯ ಗದ್ಯವನ್ನು ಬರೆಯುವವನ ಕಣ್ಣಿನಿಂದ ಓದಬೇಕು. ತಾನು ಬರೆದದ್ದನ್ನು ಇಬ್ಬರು ಸಹಪಾಠಿಗಳಿಗೆ ಓದಿ ಹೇಳಿ, ಅವರು ಅರ್ಥವಾಗದೆ ಎಲ್ಲಿ ನಿಂತರೆಂದು ಕೇಳಬೇಕು. ಮೊದಲನೆಯದಿಲ್ಲದೆ ಎರಡನೆಯದು ನಡೆಯುವುದಿಲ್ಲ. ಒಳ್ಳೆಯ ವಾಕ್ಯ ಹೇಗೆ ನಡೆಯುತ್ತದೆಂದು ಕಿವಿಗೆ ಗೊತ್ತಿಲ್ಲದವನು ಗೆಳೆಯನ ಕರಡನ್ನು ನೋಡಿ ‘ಚೆನ್ನಾಗಿದೆ’ ಎನ್ನುವುದಕ್ಕಿಂತ ಹೆಚ್ಚೇನನ್ನೂ ಹೇಳಲಾರ.

ಇದೇನೋ ಎಲ್ಲಿಂದಲೋ ತಂದ ಹೊಸ ಪದ್ಧತಿಯೆಂದು ಯಾರೂ ಹಿಂಜರಿಯಬೇಕಿಲ್ಲ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವಾದ, 9ನೆಯ ಶತಮಾನದ ಕವಿರಾಜಮಾರ್ಗ, ಕಾವ್ಯವಲ್ಲ. ಬರೆಯುವವರಿಗಾಗಿ ಬರೆದ ಲಕ್ಷಣಗ್ರಂಥ. ಅದರ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದರ ವಿಷಯವೇ ದೋಷವಿಚಾರ: ಹೀಗೆ ಹೇಳಿದರೆ ಕೆಡುತ್ತದೆ, ಹೀಗೆ ಹೇಳಿದರೆ ಸರಿಹೋಗುತ್ತದೆ ಎಂದು ಉದಾಹರಣೆ ಕೊಟ್ಟು ತೋರಿಸುವ ಕ್ರಮ ಅಲ್ಲಿಯೇ ಇದೆ. ವಿಮರ್ಶೆ ಹೇಗಿರಬಾರದು ಎಂಬುದಕ್ಕೂ ನಮ್ಮಲ್ಲಿ ಕತೆಯುಂಟು. ಸೋದರಳಿಯ ರಾಘವಾಂಕನು ಹರಿಶ್ಚಂದ್ರನ ಮೇಲೆ ಕಾವ್ಯ ಬರೆದು ತಂದಾಗ, ಶಿವನನ್ನು ಬಿಟ್ಟು ನರನನ್ನು ಹೊಗಳಿದನೆಂದು ಸಿಟ್ಟಾದ ಹರಿಹರನು ಪಾದುಕೆಯಿಂದ ಹೊಡೆದು ಅವನ ಹಲ್ಲುದುರಿಸಿದನೆಂದು ಪ್ರತೀತಿ. ತರಗತಿಯಲ್ಲಿ ಗುಂಪು ಮಾಡುವ ಮೊದಲು ಈ ಕತೆಯನ್ನು ಹೇಳುತ್ತೇನೆ. ಎಲ್ಲರೂ ನಗುತ್ತಾರೆ, ಅರ್ಧ ಭಯ ಅಲ್ಲಿಗೇ ಹೋಗುತ್ತದೆ.

ಓದುವ ಬಗೆ

ಆರುನೂರು ಪುಟದ ಕಾದಂಬರಿಯಿಂದ ಆರಂಭಿಸಬೇಡಿ. ನಾಲ್ಕೈದು ಪುಟದ ಒಂದು ಲಲಿತ ಪ್ರಬಂಧ ಅಥವಾ ಸಣ್ಣಕತೆ ಸಾಕು. ನಾನು ಸಾಮಾನ್ಯವಾಗಿ ಎ.ಎನ್. ಮೂರ್ತಿರಾಯರ ಒಂದು ಪ್ರಬಂಧದಿಂದ ತೊಡಗುತ್ತೇನೆ. ಅವರು 1900ರಲ್ಲಿ ಹುಟ್ಟಿದ್ದು ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ ಎಂದು ಹೇಳಿದೊಡನೆ ಆ ಕಡೆಯಿಂದ ಬರುವ ವಿದ್ಯಾರ್ಥಿಗಳು ಸ್ವಲ್ಪ ನೆಟ್ಟಗೆ ಕುಳಿತುಕೊಳ್ಳುತ್ತಾರೆ. ಇಂಗ್ಲಿಷ್ ಪಾಠ ಹೇಳುತ್ತಿದ್ದವರು ಇಷ್ಟು ತಿಳಿಯಾದ ಕನ್ನಡವನ್ನು ಬರೆದರೆಂಬುದು ಇಂಗ್ಲಿಷ್ ಮೀಡಿಯಮ್ಮಿನಿಂದ ಬಂದವರಿಗೂ ಧೈರ್ಯ ಕೊಡುತ್ತದೆ. ಅದೇ ಬೇಕೆಂದೇನೂ ಇಲ್ಲ. ಕುವೆಂಪು ಅವರು ಬಾಲ್ಯದ ಮಲೆನಾಡನ್ನು ಕುರಿತು ಬರೆದ ಗದ್ಯಚಿತ್ರಗಳಾಗಲಿ, ತೇಜಸ್ವಿಯವರ ಒಂದು ಕತೆಯಾಗಲಿ ಆಗಬಹುದು. ನಿಮಗೆ ಓದಲು ಹಿತವಾಗಿರಬೇಕು, ಮತ್ತು ಅದು ಗೈಡಿನಲ್ಲಿ ಸಾರಾಂಶವಾಗಿ ಬಂದಿರಬಾರದು; ಎರಡನೆಯ ಷರತ್ತು ಮೊದಲನೆಯದಕ್ಕಿಂತ ಮುಖ್ಯ.

ಮೊದಲ ಸಲ ಕೈಯಲ್ಲಿ ಪೆನ್ಸಿಲ್ ಇಲ್ಲದೆ, ಸುಮ್ಮನೆ ಓದಿ. ಎರಡನೆಯ ಸಲ ಗಟ್ಟಿಯಾಗಿ ಓದಿ. ಹಾಸ್ಟೆಲಿನಲ್ಲಿ ನಾಚಿಕೆಯಾದರೆ ಮಹಡಿಗೆ ಹೋಗಿ ಓದಿ. ಆದರೆ ಗಟ್ಟಿಯಾಗಿ ಓದುವುದನ್ನು ಬಿಡಬೇಡಿ, ಏಕೆಂದರೆ ಉಸಿರು ಎಲ್ಲಿ ನಿಲ್ಲುತ್ತದೆಂಬುದು ಕಣ್ಣಿಗಿಂತ ಮೊದಲು ಬಾಯಿಗೆ ತಿಳಿಯುತ್ತದೆ. ಮೂರನೆಯ ಸಲ ಪೆನ್ಸಿಲ್ ಹಿಡಿದು, ಪ್ರತಿಯೊಂದು ಪ್ಯಾರಾದ ಎಡಕ್ಕೆ ಅದು ಏನನ್ನು ಹೇಳುತ್ತದೆಂದೂ ಬಲಕ್ಕೆ ಅದು ಏನನ್ನು ಮಾಡುತ್ತದೆಂದೂ ಒಂದೊಂದು ಸಾಲು ಬರೆಯಿರಿ. ಈ ಎರಡರ ವ್ಯತ್ಯಾಸ ಮೊದಲ ವಾರ ಯಾರಿಗೂ ಹಿಡಿಯುವುದಿಲ್ಲ. ‘ಚಿಕ್ಕಂದಿನಲ್ಲಿ ಜಾತ್ರೆಗೆ ಹೋಗಿ ದಾರಿ ತಪ್ಪಿದ್ದನ್ನು ಹೇಳುತ್ತಾನೆ’ ಎಂಬುದು ಹೇಳುವುದು. ‘ತನ್ನ ಪೆದ್ದುತನವನ್ನು ತಾನೇ ಒಪ್ಪಿಕೊಂಡು, ಮುಂದೆ ಹೇಳುವ ಮಾತನ್ನು ನಾವು ನಂಬುವಂತೆ ಮಾಡುತ್ತಾನೆ’ ಎಂಬುದು ಮಾಡುವುದು. ಬಲಬದಿಯ ಸಾಲುಗಳನ್ನು ಬರೆಯಲು ಬಂದ ದಿನದಿಂದ ನೀವು ಬರೆಯುವವರ ಹಾಗೆ ಓದತೊಡಗಿದಿರಿ ಎಂದು ತಿಳಿಯಬಹುದು.

ನಾಲ್ಕನೆಯ ಕೆಲಸ ಎಲ್ಲಕ್ಕಿಂತ ನಿಧಾನದ್ದು, ಎಲ್ಲಕ್ಕಿಂತ ಲಾಭದ್ದು. ಮನಸ್ಸಿಗೆ ಹಿಡಿಸಿದ ಒಂದು ಪ್ಯಾರಾವನ್ನು ಆರಿಸಿಕೊಂಡು, ಒಂದು ವಾಕ್ಯವನ್ನು ಎರಡು ಸಲ ಓದಿ, ಪುಸ್ತಕವನ್ನು ಮುಚ್ಚಿ, ನೆನಪಿನಿಂದ ಆ ವಾಕ್ಯವನ್ನು ಹಾಳೆಯಲ್ಲಿ ಬರೆಯಿರಿ. ಆಮೇಲೆ ತೆರೆದು ಹೋಲಿಸಿ. ವ್ಯತ್ಯಾಸವಿರುವ ಕಡೆಯೆಲ್ಲ ಒಂದು ಪಾಠವಿರುತ್ತದೆ. ನೀವು ‘ತುಂಬಾ’ ಎಂದು ಸೇರಿಸಿರುತ್ತೀರಿ. ಮೂಲದಲ್ಲಿ ಅದು ಇರುವುದಿಲ್ಲ, ಇಲ್ಲದೆಯೇ ಮಾತು ಬಲವಾಗಿರುತ್ತದೆ. ನೀವು ಮೂರು ವಾಕ್ಯ ಮಾಡಿರುತ್ತೀರಿ. ಮೂಲದಲ್ಲಿ ‘ಹೋಗಿ’, ‘ನೋಡಿ’, ‘ಬಂದು’ ಎಂಬ ಕೊಂಡಿಗಳಿಂದ ಒಂದೇ ಉದ್ದ ವಾಕ್ಯ ಹರಿದಿರುತ್ತದೆ. ಕನ್ನಡದ ಉದ್ದ ವಾಕ್ಯದ ಗುಟ್ಟೆಲ್ಲ ಈ ಕೊಂಡಿಗಳಲ್ಲಿದೆ, ಮತ್ತು ವಿದ್ಯಾರ್ಥಿಗಳ ಉದ್ದ ವಾಕ್ಯ ಮುರಿದು ಬೀಳುವುದೂ ಇಲ್ಲಿಯೇ. ‘ಕಬ್ಬು ಕಡಿದು ಗಾಡಿಗೆ ತುಂಬಿ ಆಲೆಮನೆಗೆ ಬಂದು ರಸ ಹಿಂಡಲಾಗುತ್ತದೆ’ ಎಂದು ಒಬ್ಬರು ಬರೆದಿದ್ದರು. ಕಡಿದವರು ಯಾರೋ, ಬಂದವರು ಯಾರೋ; ಓದಿದರೆ ಕಬ್ಬೇ ನಡೆದುಕೊಂಡು ಬಂದ ಹಾಗಿದೆ. ‘ಕಬ್ಬನ್ನು ಕಡಿದು ಗಾಡಿಗೆ ತುಂಬಿ ಆಲೆಮನೆಗೆ ತಂದು ರಸ ಹಿಂಡುತ್ತಾರೆ’ ಎಂದರೆ ಎಲ್ಲ ಕ್ರಿಯೆಗಳಿಗೂ ಒಬ್ಬರೇ ಕರ್ತೃ ಸಿಕ್ಕಿ ವಾಕ್ಯ ನೆಟ್ಟಗಾಗುತ್ತದೆ. ಇದನ್ನು ವ್ಯಾಕರಣದ ಸೂತ್ರವಾಗಿ ಹೇಳಿದರೆ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ವಾರಕ್ಕೆ ಒಂದು ಪ್ಯಾರಾದಂತೆ ಎರಡು ತಿಂಗಳು ಮುಚ್ಚಿ ಬರೆದರೆ ಕೈಗೇ ಗೊತ್ತಾಗುತ್ತದೆ.

ಕವಿತೆಯನ್ನು ಕುರಿತು ಬರೆಯಬೇಕಾದಾಗ ಬೇರೊಂದು ಕಷ್ಟವಿದೆ. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ, 1942ರಲ್ಲಿ ಬಂದ ಮೈಸೂರು ಮಲ್ಲಿಗೆಯ ಯಾವುದೇ ಕವಿತೆಯನ್ನು ಕೊಡಿ, ‘ಕವಿಯು ದಾಂಪತ್ಯ ಪ್ರೇಮವನ್ನು ಮನಮುಟ್ಟುವಂತೆ ಸೊಗಸಾಗಿ ಚಿತ್ರಿಸಿದ್ದಾರೆ’ ಎಂಬ ವಾಕ್ಯ ಇಪ್ಪತ್ತು ಹಾಳೆಗಳಲ್ಲಾದರೂ ಬರುತ್ತದೆ. ಅದು ತಪ್ಪಲ್ಲ, ಖಾಲಿ. ಆ ವಾಕ್ಯವನ್ನು ಬರೆಯಲು ಕವಿತೆಯನ್ನು ಓದುವ ಅಗತ್ಯವೇ ಇಲ್ಲ. ಅದರ ಬದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ: ಇಲ್ಲಿ ಮಾತನಾಡುತ್ತಿರುವವರು ಯಾರು, ಯಾರೊಡನೆ, ಎಲ್ಲಿ? ಅನಂತರ ಒಂದು ಪದವನ್ನು ಆರಿಸಿಕೊಂಡು, ಅದನ್ನು ತೆಗೆದು ಅದೇ ಅರ್ಥದ ಇನ್ನೊಂದು ಪದವನ್ನಿಟ್ಟು ಓದಿ ನೋಡಿ. ಏನು ಕಳೆದುಹೋಯಿತೆಂದು ಎರಡು ವಾಕ್ಯಗಳಲ್ಲಿ ಹೇಳಲು ಸಾಧ್ಯವಾದರೆ ನಿಮ್ಮ ಪ್ರಬಂಧಕ್ಕೆ ತಿರುಳು ಸಿಕ್ಕಿತು. ಉಳಿದ ಪುಟಗಳೆಲ್ಲ ಆ ಎರಡು ವಾಕ್ಯಗಳಿಗೆ ಕವಿತೆಯೊಳಗಿನಿಂದಲೇ ಆಧಾರ ತಂದು ಕೊಡುವ ಕೆಲಸ.

ಕರಡು

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುನ್ನೂರು ನಾನೂರು ಪದ ಸಾಕು. ಹಾಳೆಯ ಒಂದೇ ಮಗ್ಗುಲಿಗೆ, ಒಂದು ಗೆರೆ ಬಿಟ್ಟು ಒಂದು ಗೆರೆ, ಬಲಗಡೆ ಮೂರನೆಯ ಒಂದು ಭಾಗದಷ್ಟು ಜಾಗ ಖಾಲಿ ಬಿಟ್ಟು ಬರೆಯಿರಿ. ಆ ಜಾಗ ಗೆಳೆಯರದು. ಪೀಠಿಕೆಯನ್ನು ಮೊದಲು ಬರೆಯಬೇಡಿ. ಕರಡು ಚೆನ್ನಾಗಿರಬೇಕೆಂಬ ಹಟವೂ ಬೇಡ. ತಿದ್ದಿ ತೀಡಿ ಮುಗಿಸಿದ ಬರಹವನ್ನು ಗುಂಪಿಗೆ ತರುವವನಿಗೆ ಬೇಕಾಗಿರುವುದು ಸಲಹೆಯಲ್ಲ, ಹೊಗಳಿಕೆ.

ಮೂವರ ಗುಂಪು

ಇಬ್ಬರಿದ್ದರೆ ದಾಕ್ಷಿಣ್ಯಕ್ಕೆ ಸಿಕ್ಕಿ ಒಬ್ಬರನ್ನೊಬ್ಬರು ಹೊಗಳಿಕೊಂಡು ಮುಗಿಸುತ್ತಾರೆ. ನಾಲ್ವರಾದರೆ ಒಂದು ಪೀರಿಯಡ್ಡಿನಲ್ಲಿ ಕೆಲಸ ಮುಗಿಯುವುದಿಲ್ಲ, ನಾಲ್ಕನೆಯವನು ಕಿಟಕಿಯಿಂದ ಹೊರಗೆ ನೋಡುತ್ತ ಕೂರುತ್ತಾನೆ. ಮೂವರೇ ಸರಿ. ಒಂದೇ ಬೆಂಚಿನ ಗೆಳೆಯರು ಒಂದೇ ಗುಂಪಿಗೆ ಬರದಂತೆ ಚೀಟಿ ಎತ್ತಿ ಹಂಚಿಕೊಳ್ಳಿ. ಪಟ್ಟಣದ ಇಂಗ್ಲಿಷ್ ಮೀಡಿಯಮ್ಮಿನ ಹುಡುಗಿ, ಮಳವಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುವ ಹುಡುಗ, ತರಗತಿಯಲ್ಲಿ ಬಾಯಿಯನ್ನೇ ಬಿಡದ ಇನ್ನೊಬ್ಬರು ಹೀಗೆ ಸೇರಿದರೆ ಮೊದಲ ದಿನ ಮುಜುಗರವಾಗುತ್ತದೆ, ಮೂರನೆಯ ದಿನಕ್ಕೆ ಕೆಲಸವಾಗುತ್ತದೆ. ಕ್ಯಾಂಟೀನ್ ಈ ಕೆಲಸಕ್ಕೆ ಒಳ್ಳೆಯ ಜಾಗವಲ್ಲ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಯ ಏರಿಯಿದೆ. ಮಂಡ್ಯದವರು ಕಾಲೇಜಿನ ಮೈದಾನದ ಅಂಚಿನಲ್ಲಿ ನೆರಳಿರುವ ಒಂದು ಮರವನ್ನು ಹುಡುಕಿಕೊಳ್ಳಲಿ.

ಕ್ರಮ ಹೀಗೆ. ಬರೆದವರು ತಮ್ಮ ಕರಡನ್ನು ಗಟ್ಟಿಯಾಗಿ, ನಿಧಾನವಾಗಿ ಓದುತ್ತಾರೆ. ‘ಇದು ಅಷ್ಟೊಂದು ಚೆನ್ನಾಗಿ ಬಂದಿಲ್ಲ’, ‘ಟೈಮ್ ಸಿಗಲಿಲ್ಲ’ ಮುಂತಾದ ಮುನ್ನುಡಿ ಕೂಡದು. ಓದಿ ಮುಗಿಸಿದ ಮೇಲೆ ಬರೆದವರು ಹತ್ತು ನಿಮಿಷ ಬಾಯಿ ತೆರೆಯುವಂತಿಲ್ಲ. ಈ ನಿಯಮವನ್ನು ಪಾಲಿಸುವುದು ಎಷ್ಟು ಕಷ್ಟವೆಂದು ಮಾಡಿ ನೋಡಿದವರಿಗೇ ಗೊತ್ತು. ‘ನಾನು ಹೇಳಲು ಹೊರಟಿದ್ದು ಅದಲ್ಲ’ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿರುತ್ತದೆ. ಆದರೆ ಹೇಳಲು ಹೊರಟದ್ದು ಹಾಳೆಯ ಮೇಲೆ ಬಂದಿದೆಯೇ ಎಂಬುದೇ ಪ್ರಶ್ನೆಯಾಗಿರುವಾಗ ಬಾಯಿಮಾತಿನ ಸಮಜಾಯಿಷಿಗೆ ಬೆಲೆಯಿಲ್ಲ. ಕೇಳಿದ ಇಬ್ಬರು, ಕರಡನ್ನು ಕೈಗೆ ತೆಗೆದುಕೊಂಡು ಇನ್ನೊಮ್ಮೆ ಓದಿ, ಮೂರು ಸಂಗತಿಗಳನ್ನು ಹೇಳುತ್ತಾರೆ: ಕೇಳಿದ್ದರಲ್ಲಿ ಯಾವುದು ಮನಸ್ಸಿನಲ್ಲಿ ಉಳಿಯಿತು, ಎಲ್ಲಿ ನಿಂತೆ, ಏನನ್ನು ಕೇಳಬೇಕೆನಿಸಿತು.

ಈ ಮೂರರಲ್ಲಿ ನಡುವಿನದೇ ಜೀವಾಳ. ‘ಇದು ಸರಿಯಿಲ್ಲ’ ಎನ್ನುವುದು ತೀರ್ಪು. ತೀರ್ಪು ಕೊಡುವ ಅಧಿಕಾರ ನಿನಗೆಲ್ಲಿಂದ ಬಂತು ಎಂದು ಬರೆದವನು ಮನಸ್ಸಿನಲ್ಲೇ ಕೇಳುತ್ತಾನೆ, ಕೇಳುವುದೂ ನ್ಯಾಯವೇ. ‘ಇಲ್ಲಿಗೆ ಬಂದಾಗ ನಾನು ನಿಂತು, ಹಿಂದಕ್ಕೆ ಹೋಗಿ, ಇನ್ನೊಮ್ಮೆ ಓದಬೇಕಾಯಿತು’ ಎನ್ನುವುದು ವರದಿ. ಅದನ್ನು ಯಾರೂ ಅಲ್ಲಗಳೆಯಲಾರರು, ಏಕೆಂದರೆ ನಿಂತದ್ದು ನಿಜ. ಏಕೆ ನಿಂತೆನೆಂದು ಹೇಳಲು ಬಾರದಿದ್ದರೂ ಚಿಂತೆಯಿಲ್ಲ. ಕಾರಣವನ್ನು ಬರೆದವರು ಹುಡುಕಿಕೊಳ್ಳಲಿ. ನಾನು ಮೈಸೂರಿನಲ್ಲಿ ಓದುತ್ತಿದ್ದಾಗ ಮೂರು ವರ್ಷ ನನ್ನ ಬರಹಗಳ ಕೆಳಗೆ ಅಧ್ಯಾಪಕರ ಒಂದು ಕೆಂಪು ಟಿಕ್ ಮಾರ್ಕಿನ ಹೊರತು ಇನ್ನೇನೂ ಬೀಳಲಿಲ್ಲ. ಬರೆಯಲು ಕಲಿಸಿದವನು ಹಾಸ್ಟೆಲಿನ ರೂಮ್‌ಮೇಟ್. ನಾನು ಓದಿದ ಒಂದು ಭಾರಿ ವಾಕ್ಯವನ್ನು ಕೇಳಿ ಅವನು, “ಇದು ನಂಗೆ ಗೊತ್ತಾಗ್ಲಿಲ್ಲ ಕಣೋ. ಪೇಪರ್ ಕೆಳಗಿಟ್ಟು, ಏನ್ ಅಂದ್ಕೊಂಡಿದ್ದೆ ಅಂತ ಬಾಯಲ್ಲಿ ಹೇಳು ನೋಡಣ” ಎಂದ. ಹೇಳಿದೆ. “ಅದನ್ನೇ ಬರಿ” ಎಂದು ಹೊದಿಕೆ ಎಳೆದುಕೊಂಡು ಮಲಗಿದ.

ಈಗ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಊರಿನ ಒಂದು ಕಸುಬಿನ ಬಗ್ಗೆ ಬರೆಯಬೇಕಿತ್ತು. ಪಾಂಡವಪುರದ ಕಡೆಯ ಒಬ್ಬ ವಿದ್ಯಾರ್ಥಿನಿ ತಂದ ಕರಡು ಹೀಗೆ ಆರಂಭವಾಗಿತ್ತು:

“ಬೆಲ್ಲವು ಮಂಡ್ಯ ಜಿಲ್ಲೆಯ ಅತ್ಯಂತ ಪ್ರಮುಖವಾದ ಉತ್ಪನ್ನವಾಗಿದ್ದು, ಪ್ರಾಚೀನ ಕಾಲದಿಂದಲೂ ತನ್ನದೇ ಆದ ಮಹತ್ವವನ್ನು ಹೊಂದಿದೆ. ಆಲೆಮನೆಯಲ್ಲಿ ಕಬ್ಬಿನಿಂದ ರಸವನ್ನು ತೆಗೆಯಲಾಗಿ, ಅದನ್ನು ಕುದಿಸಲ್ಪಟ್ಟು ಬೆಲ್ಲವನ್ನು ತಯಾರಿಸಲಾಗುತ್ತದೆ. ಇಂದಿನ ಆಧುನಿಕ ಯುಗದಲ್ಲಿ ಆಲೆಮನೆಗಳು ನಶಿಸಿಹೋಗುತ್ತಿರುವುದು ವಿಷಾದನೀಯ ಸಂಗತಿಯಾಗಿದೆ.”

ಗುಂಪಿನ ಹುಡುಗ ಇದನ್ನು ಎರಡು ಸಲ ಓದಿ, “ಇದು ಯಾವ ಆಲೆಮನೆ?” ಎಂದು ಕೇಳಿದ. “ನಮ್ಮ ದೊಡ್ಡಪ್ಪಂದು.” “ಮತ್ತೆ ಇದ್ರಲ್ಲಿ ನಿಮ್ಮ ದೊಡ್ಡಪ್ಪ ಎಲ್ಲೋದ್ರು?” ಹುಡುಗಿ ಒಂದು ಕ್ಷಣ ಸುಮ್ಮನಿದ್ದು, ನಿಯಮವನ್ನು ಮರೆತು, ಐದು ನಿಮಿಷ ಬಿಡದೆ ಮಾತನಾಡಿದಳು. ಆ ಐದು ನಿಮಿಷದ ಮಾತಿನಲ್ಲಿ ಒಂದು ವಾಕ್ಯವೂ ಕರಡಿನಲ್ಲಿರಲಿಲ್ಲ. ನಿಯಮ ಮುರಿದದ್ದಕ್ಕೆ ನಾನು ಏನೂ ಹೇಳಲಿಲ್ಲ. ಮುಂದಿನ ವಾರ ಬಂದ ಎರಡನೆಯ ಕರಡಿನ ಆರಂಭ ಇದು:

“ನಮ್ಮ ದೊಡ್ಡಪ್ಪನ ಆಲೆಮನೆಯಲ್ಲಿ ಗಡಿಯಾರವಿಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಪಾಕವಾಗುವ ಹೊತ್ತಿಗೆ ಅವರು ತಟ್ಟೆಯಲ್ಲಿ ತಣ್ಣೀರು ಇಟ್ಟುಕೊಂಡು, ಒಂದು ಹನಿ ಪಾಕವನ್ನು ಅದರೊಳಗೆ ಬಿಟ್ಟು, ಬೆರಳಿನಿಂದ ಉರುಟಿ ನೋಡುತ್ತಾರೆ. ಉಂಡೆ ಕಟ್ಟಿದರೆ ಕೊಪ್ಪರಿಗೆಯನ್ನು ಇಳಿಸಲು ಹೇಳುತ್ತಾರೆ. ನೀರಿನಲ್ಲಿ ಹರಡಿದರೆ ಒಲೆಗೆ ಇನ್ನೊಂದಿಷ್ಟು ರಚ್ಚು ತಳ್ಳಲು ಹೇಳುತ್ತಾರೆ. ನಾನು ಬಿ.ಎಸ್‌ಸಿ. ಓದುತ್ತಿದ್ದೇನೆ. ಆ ಹದ ಎಷ್ಟು ಡಿಗ್ರಿಗೆ ಬರುತ್ತದೆಂದು ಪುಸ್ತಕ ನೋಡಿ ಹೇಳಬಲ್ಲೆ, ಬೆರಳಿನಿಂದ ಹೇಳಲಾರೆ.”

ಮೊದಲ ಕರಡಿನಲ್ಲಿ ಸುಳ್ಳೇನೂ ಇರಲಿಲ್ಲ, ಮನುಷ್ಯರು ಇರಲಿಲ್ಲ. ‘ತೆಗೆಯಲಾಗಿ’, ‘ಕುದಿಸಲ್ಪಟ್ಟು’, ‘ತಯಾರಿಸಲಾಗುತ್ತದೆ’ ಎಂಬ ಕರ್ಮಣಿ ಪ್ರಯೋಗಗಳ ಹಿಂದೆ ಕೆಲಸ ಮಾಡುವವರೆಲ್ಲ ಅಡಗಿಕೊಂಡಿದ್ದರು, ‘ಕುದಿಸಲ್ಪಟ್ಟು’ ಅಂತೂ ಆ ವಾಕ್ಯದಲ್ಲಿ ವ್ಯಾಕರಣಕ್ಕೂ ಒಗ್ಗುವುದಿಲ್ಲ. ‘ಹೊಂದಿದೆ’ ಎಂಬ ಪದ ವಿದ್ಯಾರ್ಥಿಗಳ ಗದ್ಯದಲ್ಲಿ ಎಲ್ಲೆಲ್ಲೂ ಹೊಂದಿಕೊಂಡು ಬಿಟ್ಟಿದೆ. ‘ಊರು ಎರಡು ಕೆರೆಗಳನ್ನು ಹೊಂದಿದೆ’ ಎಂದು ಯಾರೂ ಮಾತನಾಡುವುದಿಲ್ಲ, ‘ಊರಿಗೆ ಎರಡು ಕೆರೆ’ ಎನ್ನುತ್ತಾರೆ. ಎರಡನೆಯ ಕರಡಿನ ಕೊನೆಯ ವಾಕ್ಯ ತುಸು ಜಾಣತನದ್ದೆಂದು ನನಗೆ ಈಗಲೂ ಅನುಮಾನವಿದೆ. ಗುಂಪು ಅದನ್ನು ಒಪ್ಪಿತು, ನಾನು ಒತ್ತಾಯಿಸಲಿಲ್ಲ. ಮಂಡ್ಯ ಜಿಲ್ಲೆ, ಬೆಲ್ಲದ ಮಾರುಕಟ್ಟೆ, ಬಣ್ಣ ಬಾರದ ಬೆಲ್ಲಕ್ಕೆ ಬೆಲೆ ಸಿಗದ ಕಷ್ಟ, ಇವೆಲ್ಲ ಪ್ರಬಂಧದಲ್ಲಿ ಬಂದವು. ಆದರೆ ದೊಡ್ಡಪ್ಪನ ಬೆರಳು ಬಂದ ಮೇಲೆ ಬಂದವು. ಸಾಹಿತ್ಯವನ್ನು ಓದಿದ್ದರಿಂದ ಏನು ಪ್ರಯೋಜನವೆಂದು ವಿಜ್ಞಾನದ ವಿದ್ಯಾರ್ಥಿಗಳು ಕೇಳುತ್ತಾರಲ್ಲ, ಇಂಥಲ್ಲಿ ಅದರ ಪ್ರಯೋಜನ ಕಾಣುತ್ತದೆ. ಕಣ್ಣಿಗೆ ಕಂಡ ಒಂದು ವಸ್ತುವಿನಿಂದ ಹೊರಟು ದೊಡ್ಡ ಸಂಗತಿಗೆ ಬರುವ ಆ ಕ್ರಮವನ್ನು ಆಕೆ ಕಲಿತದ್ದು ಪ್ಯಾರಾಗಳ ಬಲಬದಿಯಲ್ಲಿ ಸಾಲು ಬರೆದು ಬರೆದು.

ಕೆಲವು ಸಲ ಕರಡಿನ ಒಳಗಿನ ಯಾವ ವಾಕ್ಯಕ್ಕೂ ಸಂಬಂಧಿಸದ ಮಾತೇ ಎಲ್ಲಕ್ಕಿಂತ ಒಳ್ಳೆಯ ಸಲಹೆಯಾಗಬಹುದು. ಮೈಸೂರಿನಲ್ಲಿ ಓದುತ್ತಿದ್ದ ಯುವಕ ಕುವೆಂಪು ಇಂಗ್ಲಿಷಿನಲ್ಲಿ ಕವಿತೆಗಳನ್ನು ಬರೆಯುತ್ತಿದ್ದರು. 1922ರಲ್ಲಿ ಅವರ ಇಂಗ್ಲಿಷ್ ಕವಿತೆಗಳ ಪುಟ್ಟ ಸಂಕಲನವೂ ಬಂದಿತ್ತು. ಮೈಸೂರಿಗೆ ಬಂದಿದ್ದ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್, ಕುವೆಂಪು ಅವರ ಕವಿತೆಗಳನ್ನು ನೋಡಿ, ಮಾತೃಭಾಷೆಯಲ್ಲಿ ಬರೆಯುವಂತೆ ಸೂಚಿಸಿದರು. ಒಂದೊಂದು ಸಾಲನ್ನೂ ತಿದ್ದಿಕೊಟ್ಟಿದ್ದರೆ ಆ ಸಾಲುಗಳು ಚೆನ್ನಾಗುತ್ತಿದ್ದವೇನೋ, ದಾರಿ ಬದಲಾಗುತ್ತಿರಲಿಲ್ಲ. ಹಾಗೆಂದು ಗುಂಪಿನವರೆಲ್ಲ ಕಸಿನ್ಸ್ ಆಗಲು ಹೊರಡಬಾರದು. ‘ನೀನು ಈ ವಿಷಯವನ್ನೇ ಬಿಟ್ಟುಬಿಡು’ ಎಂಬ ಮಾತು ತಿಂಗಳಿಗೊಮ್ಮೆ ಹೇಳುವಂಥದ್ದು, ವಾರವಾರವೂ ಅಲ್ಲ.

ಕಾಗುಣಿತ, ಆಡುಮಾತು, ಫೋನು

ಗುಂಪಿನಲ್ಲಿ ಕಾಗುಣಿತದ ತಪ್ಪುಗಳನ್ನು ಮೊದಲ ಸುತ್ತಿನಲ್ಲಿ ಎತ್ತಬಾರದು. ಅದು ಸುಲಭ, ಆದ್ದರಿಂದ ಎಲ್ಲರೂ ಅಲ್ಲಿಗೇ ಓಡುತ್ತಾರೆ. ಮತ್ತು ನಮ್ಮ ಭಾಗದಲ್ಲಿ ಅದು ಬೇಗ ನೋವಿಗೂ ಕಾರಣವಾಗುತ್ತದೆ. ಮೈಸೂರು ಮಂಡ್ಯದ ಹಳ್ಳಿಗಳ ಮಾತಿನಲ್ಲಿ ಹಕಾರ ಬಿದ್ದುಹೋಗಿ ‘ಹಾಲು’ ‘ಆಲು’ ಆಗುವುದು ಎಲ್ಲರಿಗೂ ಗೊತ್ತು. ಹಾಗೆ ಮಾತನಾಡುವವರು ಬರೆಯುವಾಗ ಎಚ್ಚರ ಹೆಚ್ಚಾಗಿ, ಬೇಡದ ಕಡೆಯೂ ಹಕಾರವನ್ನು ತಂದಿಡುತ್ತಾರೆ. ‘ಆದರದ ಸ್ವಾಗತ’ದಲ್ಲಿ ಹಕಾರವೊಂದು ಸೇರಿಕೊಂಡರೆ ಏನಾಗುತ್ತದೆಂಬುದು ಹಳೆಯ ತಮಾಷೆ, ನಗುವವರ ನಡುವೆ ಕುಳಿತ ಹುಡುಗ ಮಾತ್ರ ಆ ದಿನದಿಂದ ಗಟ್ಟಿಯಾಗಿ ಓದುವುದನ್ನು ನಿಲ್ಲಿಸಿಬಿಡಬಹುದು. ಆದ್ದರಿಂದ ಕಾಗುಣಿತದ ತಪ್ಪಿಗೆ ಪೆನ್ಸಿಲಿನಿಂದ ಒಂದು ಚುಕ್ಕಿ ಇಟ್ಟು, ಮಾತಿಲ್ಲದೆ ಮುಂದೆ ಹೋಗಿ. ಶಬ್ದಕೋಶ ನೋಡಿ ತಿದ್ದಿಕೊಳ್ಳುವುದು ಬರೆದವರ ಮನೆಗೆಲಸ.

ಆಡುಮಾತು ಕಾಗುಣಿತದ ತಪ್ಪಲ್ಲ ಎಂಬುದನ್ನು ಗುಂಪಿನವರು ನೆನಪಿನಲ್ಲಿಡಬೇಕು. ದೇವನೂರ ಮಹಾದೇವ ಅವರು ನಂಜನ್‌ಗೂಡು ಸೀಮೆಯ ಆಡುನುಡಿಯಲ್ಲೇ ಬರೆದ ಕುಸುಮಬಾಲೆ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿದೆ. ಅದರ ಒಂದು ಪುಟವನ್ನು ಗುಂಪಿನಲ್ಲಿ ಗಟ್ಟಿಯಾಗಿ ಓದಿಸಿದರೆ, ಆ ಸೀಮೆಯ ಮಾತನ್ನು ಮನೆಯಲ್ಲಾಡುವ ವಿದ್ಯಾರ್ಥಿ ಎಲ್ಲರಿಗಿಂತ ಚೆನ್ನಾಗಿ ಓದುತ್ತಾನೆ, ಪಟ್ಟಣದವರು ತಡವರಿಸುತ್ತಾರೆ. ಅಸೈನ್‌ಮೆಂಟಿನ ಭಾಷೆ ಶಿಷ್ಟವಾಗಿಯೇ ಇರಬೇಕಾಗಬಹುದು. ಆದರೆ ದೊಡ್ಡಪ್ಪನ ಮಾತನ್ನು ಉದ್ಧರಿಸುವಾಗ ಅದನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿರುಗಿಸಬೇಡಿ, ಮತ್ತು ಕಸುಬಿನ ಪದಗಳನ್ನು ಹಾಗೆಯೇ ಇಡಿ.

ವಾಟ್ಸ್‌ಆ್ಯಪಿನಲ್ಲಿ ಕರಡನ್ನು ಕಳಿಸಿ ಅಭಿಪ್ರಾಯ ಕೇಳುವುದರಿಂದ ನನಗೆ ತಿಳಿದಮಟ್ಟಿಗೆ ಪ್ರಯೋಜನವಾಗಿಲ್ಲ. ‘ಸೂಪರ್’ ಎಂದೋ ಒಂದು ಹೆಬ್ಬೆರಳೋ ಬರುತ್ತದೆ, ಯಾರೂ ನಿಂತ ಜಾಗವನ್ನು ಹೇಳುವುದಿಲ್ಲ. ಫೋನಿಗೆ ಹೇಳಿ ಪ್ರಬಂಧವನ್ನೇ ಬರೆಸಿ ತರುವವರೂ ಈಚೆಗೆ ಇದ್ದಾರೆ. ಅವರನ್ನು ಹಿಡಿಯಲು ನಾನು ಪತ್ತೇದಾರಿಕೆ ಮಾಡುವುದಿಲ್ಲ. ಗುಂಪಿನಲ್ಲಿ ಯಾರಾದರೊಬ್ಬರು “ಇದು ಯಾವ ಆಲೆಮನೆ?” ಎಂದು ಕೇಳಿದರೆ ಸಾಕು.

ತಿದ್ದುವುದು ಮತ್ತು ಒಪ್ಪಿಸುವುದು

ಇಬ್ಬರು ಹೇಳಿದ್ದನ್ನೆಲ್ಲ ಒಪ್ಪಿಕೊಂಡು ತಿದ್ದಿದರೆ ಬರಹ ಮೂವರದ್ದೂ ಅಲ್ಲದ್ದಾಗುತ್ತದೆ. ಇಬ್ಬರೂ ಒಂದೇ ಜಾಗದಲ್ಲಿ ನಿಂತಿದ್ದರೆ ಅಲ್ಲಿ ಏನೋ ಕೆಟ್ಟಿದೆಯೆಂದು ಖಚಿತ. ಅವರು ಸೂಚಿಸಿದ ಪರಿಹಾರ ಮಾತ್ರ ಸರಿಯೆಂದು ಖಚಿತವಿಲ್ಲ. ರೋಗಿ ‘ಇಲ್ಲಿ ನೋಯುತ್ತಿದೆ’ ಎಂದರೆ ನಂಬಬೇಕು, ‘ಈ ಮಾತ್ರೆ ಕೊಡಿ’ ಎಂದರೆ ಯೋಚಿಸಬೇಕು. ಒಬ್ಬರು ನಿಂತು ಇನ್ನೊಬ್ಬರು ಸರಾಗವಾಗಿ ಹೋಗಿದ್ದರೆ, ಆ ವಾಕ್ಯವನ್ನು ಎರಡು ದಿನ ಬಿಟ್ಟು ನೀವೇ ಗಟ್ಟಿಯಾಗಿ ಓದಿ ನೋಡಿ. ತಿದ್ದುವಾಗ ಮೊದಲು ಪ್ಯಾರಾಗಳ ಕ್ರಮ, ಆಮೇಲೆ ವಾಕ್ಯ, ಕೊನೆಗೆ ಪದ ಮತ್ತು ಕಾಗುಣಿತ ಎಂಬ ಸರದಿಯನ್ನು ಬಿಡಬೇಡಿ; ನಾಳೆ ಕಿತ್ತುಹಾಕಲಿರುವ ಪ್ಯಾರಾದ ಕಾಗುಣಿತವನ್ನು ಇಂದು ತಿದ್ದುತ್ತ ಕೂರುವುದು ವ್ಯರ್ಥ.

ಅಧ್ಯಾಪಕರಿಗೆ ಒಂದು ಮಾತು. ಗುಂಪಿನ ಕೆಲಸಕ್ಕೆ ಅಂಕವಿಲ್ಲದಿದ್ದರೆ ಅದು ಮೂರನೆಯ ವಾರಕ್ಕೆ ನಿಂತುಹೋಗುತ್ತದೆ. ಇಂಟರ್ನಲ್ ಅಂಕಗಳಲ್ಲಿ ಒಂದು ಪಾಲನ್ನು ಬರೆದದ್ದಕ್ಕಲ್ಲ, ಇನ್ನೊಬ್ಬರ ಕರಡಿನ ಅಂಚಿನಲ್ಲಿ ಬರೆದ ಟಿಪ್ಪಣಿಗೆ ಕೊಡಿ. ಒಳ್ಳೆಯ ಟಿಪ್ಪಣಿ ಬರೆಯುವವರು ಸೆಮಿಸ್ಟರಿನ ಕೊನೆಗೆ ಒಳ್ಳೆಯ ಕರಡನ್ನೂ ಬರೆಯುತ್ತಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಪ್ರತಿಭೆಯ ಹುಡುಗರೆಂದು ನಾವು ಮೊದಲೇ ಗುರುತಿಸಿಟ್ಟುಕೊಂಡವರ ವಿಷಯದಲ್ಲಿ ಹಾಗೆ ಹೇಳಲಾರೆ.

ಒಪ್ಪಿಸುವಾಗ ಮೂರು ಕಟ್ಟುಗಳನ್ನು ಒಂದೇ ಪಿನ್ನಿಗೆ ಸೇರಿಸಿ ಒಪ್ಪಿಸಬೇಕು: ಮೇಲೆ ಕೊನೆಯ ಪ್ರತಿ, ಅದರ ಕೆಳಗೆ ಗೆಳೆಯರ ಪೆನ್ಸಿಲ್ ಗುರುತುಗಳಿರುವ ಮೊದಲ ಕರಡು, ಎಲ್ಲಕ್ಕಿಂತ ಕೆಳಗೆ ಅರ್ಧ ಪುಟದ ಒಂದು ಉತ್ತರ. ಗುಂಪಿನ ಯಾವ ಮಾತನ್ನು ಒಪ್ಪಿದೆ, ಯಾವುದನ್ನು ಒಪ್ಪಲಿಲ್ಲ, ಏಕೆ ಎಂಬುದನ್ನು ಆ ಉತ್ತರದಲ್ಲಿ ಹೇಳಬೇಕು. ರೈಲಿನಲ್ಲಿ ಕುಳಿತಾಗ ನಾನು ಮೊದಲು ಓದುವುದು ಆ ಕೆಳಗಿನ ಹಾಳೆಯನ್ನೇ. ಆಲೆಮನೆಯ ಪ್ರಬಂಧದ ಕೆಳಗಿದ್ದ ಹಾಳೆಯಲ್ಲಿ, ಒಪ್ಪಿಕೊಂಡ ನಾಲ್ಕು ಸಲಹೆಗಳ ಪಟ್ಟಿಯಾದ ಮೇಲೆ, ಕೊನೆಗೆ ಹೀಗಿತ್ತು: “ರಚ್ಚು ಎಂದರೆ ಮೈಸೂರಿನವರಿಗೆ ಗೊತ್ತಾಗುವುದಿಲ್ಲ, ಕಬ್ಬಿನ ಸಿಪ್ಪೆ ಎಂದು ಬರಿ ಅಂದರು. ಬದಲಾಯಿಸಿಲ್ಲ. ಒಲೆಗೆ ಹಾಕುತ್ತಾರೆ ಎಂದು ಅಲ್ಲೇ ಬರೆದಿದ್ದೇನೆ, ಓದಿದರೆ ಗೊತ್ತಾಗುತ್ತದೆ.”